ರೂಪಾಯಿಗೆ ಹನ್ನೆರಡಾಣೆ

ತಿಜೋರಿಯ ಕೆಳಗಿನ ಖಾನೆಗೆ ಪೀರ್‌ಸಾಬ್ ಕೈ ಹಾಕಿದರು. ತಳಕ್ಕೆ ಹಾಕಿದ್ದ ತೆಳು ತಗಡನ್ನು ಬೆರಳಿನಿಂದ ಒತ್ತಿದರು. ತಗಡು ತಗ್ಗಿ, ಮತ್ತೆ ಮೇಲೆದ್ದಿತು. ಅದರ ಹಸಿರು ಬಣ್ಣ ಎಲ್ಲೂ ಕಿತ್ತಿರಲಿಲ್ಲ.

ನಾಣ್ಯದ ಹನ್ನೊಂದು ಥೈಲಿಗಳನ್ನು ಇಟ್ಟಿದ್ದು ಇಲ್ಲಿಯೇ ಏನು ಎಂದು ಕೇಳಿದರು.

ಇಲ್ಲಿಯೇ ಎಂದ ಮ್ಯಾನೇಜರ್. ಅವನು ಸಿಕಂದರಾಬಾದಿನವನು. ಬಾಗಿಲ ಬಳಿ ನಿಂತು ಗಡಿಯಾರ ನೋಡುತ್ತಿದ್ದ. ಲೆಕ್ಕ ನೋಡಲು ಪೀರ್‌ಸಾಬ್ ತಂದಿದ್ದ ಕೋರ್ಟಿನ ಕಾಗದದಲ್ಲಿ ಒಂದು ತಾಸು ಎಂದು ಬರೆದಿತ್ತು. ಅದಕ್ಕಿಂತ ಒಂದು ನಿಮಿಷವೂ ಹೆಚ್ಚು ಕೊಡುವ ಮನಸ್ಸು ಅವನಿಗಿರಲಿಲ್ಲ.

"ಹನ್ನೊಂದು ಸಾವಿರ ಬೆಳ್ಳಿ ರೂಪಾಯಿ ಅಂದ್ರ ಮೂರು ಮಣದ ಮ್ಯಾಲೆ ತೂಕರೀ. ನನ್ನ ಬೆರಳಿಗೆ ಬಗ್ಗೋ ತಗಡು ಅದಕ್ಕ ಬಗ್ಗಿಲ್ಲ."

ಮ್ಯಾನೇಜರ್ ಮತ್ತೆ ಗಡಿಯಾರ ನೋಡಿದ.

ಸಿಂಧನೂರಿನ ದೀಪ ಕಂಪನಿಯ ತಿಜೋರಿಯಿಂದ ಈ ಹನ್ನೊಂದು ಸಾವಿರ ಕಳುವಾಗಿದೆ ಎಂದು ಏಪ್ರಿಲ್ ಎರಡರಂದು ದೂರು ದಾಖಲಾಗಿತ್ತು. ಅಂದಿನಿಂದ ಖಜಾಂಚಿ ಹಂಪಣ್ಣ ಲಿಂಗಸುಗೂರಿನ ಲಾಕಪ್ಪಿನಲ್ಲಿದ್ದ. ಇಂದು ಗುರುವಾರ, ಹತ್ತನೆಯ ತಾರೀಖು. ನಾಳೆ ಬೆಳಿಗ್ಗೆ ಅವನನ್ನು ರಾಯಚೂರಿನ ಜೈಲಿಗೆ ಒಯ್ಯುವವರಿದ್ದರು.

ಪಕ್ಕದ ಶೆಡ್ಡಿನಲ್ಲಿ ಇಂಜಿನ್ ನಿಂತು ಮೂರು ದಿನವಾಗಿತ್ತು. ಎಣ್ಣೆ ಸಾವ್ಕಾರ ಹಳೆಯ ಬಾಕಿ ಕೈಗೆ ಬರುವವರೆಗೆ ಒಂದು ಪೀಪಾಯಿಯನ್ನೂ ಇಳಿಸುವುದಿಲ್ಲ ಎಂದಿದ್ದ. ಊರಿನ ದೀಪಗಳು ಆರಿದ್ದವು. ಮೀಟರಿಗೆ ಠೇವಣಿ ಕಟ್ಟಿದವರು ಜಗಲಿಯ ತುಂಬ ಕೂತಿದ್ದರು. ಪೀರ್‌ಸಾಬ್ ಒಳಗೆ ಬರುವಾಗ ಅವರಲ್ಲೊಬ್ಬ, ಕಳ್ಳನ ಪರವಾಗಿ ಲೆಕ್ಕ ಮಾಡಲು ನಿಜಾಮನ ಮುನ್ಷಿಯೇ ಬೇಕಿತ್ತೇನು ಎಂದು ಎಲ್ಲರಿಗೂ ಕೇಳುವಂತೆ ಅಂದಿದ್ದ. ಲಿಂಗಸುಗೂರಿನ ಖಜಾನೆಯಲ್ಲಿ ಇಪ್ಪತ್ತಾರು ವರ್ಷ ಮುನ್ಷಿಯಾಗಿದ್ದು, ನಿಜಾಮನ ಆಳ್ವಿಕೆ ಮುಗಿದ ನಲವತ್ತೆಂಟರಲ್ಲಿ ಕೆಲಸ ಕಳೆದುಕೊಂಡವರು ಪೀರ್‌ಸಾಬ್. ಇಂಥ ಮಾತು ಅವರಿಗೆ ಹೊಸದಲ್ಲ. ತಿರುಗಿ ನೋಡಿರಲಿಲ್ಲ.

ಅವರು ನಗದು ಪುಸ್ತಕ ತೆರೆದರು. ಮಾರ್ಚ್ ಮೂವತ್ತೊಂದರ ಸಂಜೆಯ ಶಿಲ್ಕು: ಹನ್ನೆರಡು ಸಾವಿರ. ಕೆಳಗೆ ಹಂಪಣ್ಣನ ಸಹಿ. ಥೈಲಿಗಳು ನಾಳೆ ಬರುತ್ತವೆ, ಇವತ್ತಿನ ತಾರೀಖಿಗೆ ಸಹಿ ಹಾಕು ಎಂದು ಮ್ಯಾನೇಜರ್ ಹೇಳಿದ್ದಕ್ಕೆ ಹಾಕಿದೆ ಎಂದು ಹಂಪಣ್ಣ ಲಾಕಪ್ಪಿನಲ್ಲಿ ಹೇಳಿದ್ದ. ಆ ಮಾತಿಗೆ ಸಾಕ್ಷಿ ಇರಲಿಲ್ಲ. ಸಹಿ ಮಾತ್ರ ಇತ್ತು.

ಪುಟ ಮಗುಚಿದರು. ಅಂದಿನ ರಸೀದಿಗಳು ದಾರಕ್ಕೆ ಪೋಣಿಸಿಕೊಂಡಿದ್ದವು. ನಾಲ್ಕನೆಯದು ಬಂಡಿ ಬಾಡಿಗೆಯದು. ಮಸ್ಕಿಯ ಅಮರಗುಂಡಪ್ಪ ಸಾವ್ಕಾರರು ಹೊಸ ಷೇರುಗಳಿಗಾಗಿ ಕಳಿಸಿದ ಹನ್ನೊಂದು ಥೈಲಿಗಳನ್ನು ಮಸ್ಕಿಯಿಂದ ಸಿಂಧನೂರಿಗೆ ತಂದದ್ದಕ್ಕೆ ಐದು ರೂಪಾಯಿ. ಎತ್ತಿನ ಮೇವಿಗೆ ಎಂಟಾಣೆ. ಬಂಡಿಯವ ಗದ್ದೆಪ್ಪನ ಹೆಬ್ಬೆಟ್ಟು. ತಾರೀಖು ಮೂವತ್ತೊಂದು, ಮಾರ್ಚ್, ಸಾವಿರದ ಒಂಬೈನೂರ ಐವತ್ತೆರಡು.

ಪೀರ್‌ಸಾಬ್ ಆ ತಾರೀಖನ್ನು ಬಹಳ ಹೊತ್ತು ನೋಡಿದರು. ತುಟಿ ಅಲುಗಿಸಿ ಇಂದಿನ ಗುರುವಾರದಿಂದ ಹಿಂದಕ್ಕೆ ಎಣಿಸಿದರು. ಆಮೇಲೆ ರಸೀದಿಯ ನಕಲು ಬರೆದುಕೊಂಡು ಮ್ಯಾನೇಜರನಿಂದ ಸಹಿ ಕೇಳಿದರು.

ಮ್ಯಾನೇಜರ್ ಓದಿ ನೋಡಿದ. ಅದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ಸಹಿ ಹಾಕಿಕೊಟ್ಟ.

ಹೊರಗೆ ಕಸ್ತೂರೆಮ್ಮ ಕಾಯುತ್ತಿದ್ದಳು. ಹಂಪಣ್ಣನ ಹೆಂಡತಿ. ವಯಸ್ಸು ಇಪ್ಪತ್ತೆರಡಿರಬಹುದು. ಜಗಲಿಯ ಮೇಲಿನವರು ಅವಳಿಗೆ ಜಾಗ ಬಿಟ್ಟಿರಲಿಲ್ಲ. ಬಿಸಿಲಲ್ಲಿ ನಿಂತಿದ್ದಳು.

ಜವಳಗೇರಾದಲ್ಲಿ ತಂದೆ ಬಿಟ್ಟುಹೋದ ಎಂಟು ಎಕರೆ ಅವಳ ಹೆಸರಿನಲ್ಲಿತ್ತು. ಕಾಲುವೆಯ ಸರ್ವೆಯವರು ಹೋದ ವರ್ಷ ಅದರ ಬದುವಿನಲ್ಲಿ ಕಲ್ಲು ನೆಟ್ಟು ಹೋಗಿದ್ದರು. ಆ ಎಂಟು ಎಕರೆಯನ್ನು ಇಂದು ಸಂಜೆ ಐದರೊಳಗೆ ಲಿಂಗಸುಗೂರಿನ ರಿಜಿಸ್ಟ್ರಿ ಕಚೇರಿಯಲ್ಲಿ ತನ್ನ ಹೆಸರಿಗೆ ಬರೆದುಕೊಟ್ಟರೆ ದೂರು ಹಿಂದಕ್ಕೆ ತೆಗೆಯುತ್ತೇನೆ ಎಂದು ಅಮರಗುಂಡಪ್ಪ ಹೇಳಿಕಳಿಸಿದ್ದ. ಅವನು ಕಂಪನಿಯ ಮುಖ್ಯ ಡೈರೆಕ್ಟರ್.

ಇಬ್ಬರೂ ಒಂದೇ ಬಸ್ಸು ಹತ್ತಿದರು. ಪೀರ್‌ಸಾಬ್ ಮಸ್ಕಿಯಲ್ಲಿ ಇಳಿಯುವವರು. ಅವಳು ಲಿಂಗಸುಗೂರಿಗೆ ಹೋಗುವವಳು. ಅವಳ ಜೊತೆಗೆ ಯಾರೂ ಇರಲಿಲ್ಲ. ಕಳ್ಳನ ಹೆಂಡತಿಯ ಜೊತೆ ಕಚೇರಿ ಮೆಟ್ಟಿಲು ಹತ್ತಲು ಕೇರಿಯವರು ಒಪ್ಪಿರಲಿಲ್ಲ.

ಅರ್ಧ ದಾರಿ ಸವೆಯಿತು. ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಕಂಪನೀದು ಎರಡು ಲಕ್ಷದ ಆಸ್ತಿ ಅಂತಾರ. ಹನ್ನೊಂದು ಸಾವಿರಕ್ಕ ನನ್ನ ಹೊಲ ಯಾಕ ಬೇಕ್ರಿ ಅವರಿಗೆ?"

"ಎರಡು ಲಕ್ಷ ಅಂದ್ರ ಏನು ತಂಗಿ? ಕಂಬ, ತಂತಿ, ಇಂಜಿನ್. ಎಣ್ಣಿ ಸಾವ್ಕಾರ ಬಾಗಿಲಿಗೆ ಬಂದ್ರ ಕಂಬ ಕಿತ್ತು ಕೊಡ್ತಾರೇನು?"

ಅವಳು ತಿರುಗಿದಳು.

ಪೀರ್‌ಸಾಬ್ ನಿಧಾನವಾಗಿ ಹೇಳಿದರು. ಒಂದು ಕಂಪನಿಯ ಗಟ್ಟಿತನ ನೋಡಲು ಹಲವು ದಾರಿಗಳಿವೆ. ಖಜಾನೆಯಲ್ಲಿ ಅವರು ಮೊದಲು ನೋಡುತ್ತಿದ್ದದ್ದು ಒಂದನ್ನೇ: ಕೊಡಬೇಕಾದವರೆಲ್ಲ ಇವತ್ತೇ ಬಂದು ಕೈ ಚಾಚಿದರೆ, ಕೈಯಲ್ಲಿರುವ ನಗದಿನಿಂದ ರೂಪಾಯಿಗೆ ಎಷ್ಟಾಣೆ ಕೊಡಬಹುದು? ಹತ್ತಿ ಗಿರಣಿಗಳಿಂದ ಬರಬೇಕಾದ ಬಾಕಿ ಲೆಕ್ಕಕ್ಕಿಲ್ಲ. ಅದು ಬಂದಾಗ ಬಂತು. ಗೋದಾಮಿನ ತಂತಿ ಲೆಕ್ಕಕ್ಕಿಲ್ಲ. ಅದನ್ನು ಕೊಳ್ಳುವವರು ಬೇಕು. ನಗದು ಮಾತ್ರ.

ಕಂಪನಿ ಈ ತಿಂಗಳೊಳಗೆ ಕೊಡಬೇಕಾದದ್ದು ಹದಿನಾರು ಸಾವಿರ. ಎಣ್ಣೆಗೆ ಆರು, ಸಂಬಳಕ್ಕೆ ಒಂದು, ವಾಪಸು ಕೇಳಿದವರ ಠೇವಣಿ ಒಂಬತ್ತು. ಪುಸ್ತಕದಲ್ಲಿದ್ದ ನಗದು ಹನ್ನೆರಡು ಸಾವಿರ.

"ಅಂದ್ರ ರೂಪಾಯಿಗೆ ಹನ್ನೆರಡಾಣೆ. ಭಾಳ ಚಲೋ. ಹತ್ತಾಣೆ ಇದ್ರ ಸಾಲ ಕೊಡ್ತೀವಿ ಅಂತ ಹೈದರಾಬಾದಿನ ಒಂದು ಬ್ಯಾಂಕು ಬರದಿತ್ತು. ಮಾರ್ಚ್ ಮೂವತ್ತೊಂದರ ಲೆಕ್ಕ ಕೇಳಿತ್ತು."

"ಹನ್ನೊಂದು ಸಾವಿರ ತಗದ್ರ?"

"ಒಂದು ಸಾವಿರ ಉಳಿತೈತಿ. ರೂಪಾಯಿಗೆ ಒಂದಾಣೆ."

ಅವಳು ಬೆರಳು ಮಡಿಚಿ ಎಣಿಸಿದಳು. ಲೆಕ್ಕ ಅವಳಿಗೆ ಹತ್ತಿತು.

"ಅಂದ್ರ ರೊಕ್ಕ ಬಂದಿದ್ದಿಲ್ಲ. ಬ್ಯಾಂಕಿಗೆ ತೋರಸಾಕ ಬಂತು ಅಂತ ಬರದ್ರು. ಆಮ್ಯಾಲೆ ಯಾರರ ಎಣಿಸಿ ನೋಡೋದ್ರೊಳಗ ಕಳುವಾತು ಅಂದ್ರು."

"ಅಮರಗುಂಡಪ್ಪ ಸಾವ್ಕಾರಗ ಒಂದು ಪೈ ಹಾಕದ ಹನ್ನೊಂದು ಸಾವಿರದ ಷೇರು ಸಿಕ್ಕು. ಈಗ ಹೊಲಾನೂ ಸಿಗತೈತಿ."

"ಇದನ್ನ ಬಾಯಿಲೆ ಹೇಳಿದ್ರ ನಮ್ಮವರನ್ನ ಲಾಕಪ್ಪಿನಿಂದ ಬಿಡ್ತಾರೇನ್ರಿ?" ಅವಳ ದನಿಯಲ್ಲಿ ನಂಬಿಕೆಯಿರಲಿಲ್ಲ, ಸಿಟ್ಟು ಇತ್ತು. "ಎಂಟು ದಿನ ನೀವು ಲೆಕ್ಕ ಹುಡುಕಿದ್ರಿ. ಅವರು ಎಂಟು ದಿನ ಹೊಡತ ತಿಂದ್ರು."

ಪೀರ್‌ಸಾಬ್ ತಲೆ ತಗ್ಗಿಸಿದರು. ಮೂರು ಗಂಟೆಯ ಬಸ್ಸಿಗೆ ಮಸ್ಕಿ ಬಿಟ್ಟು, ನಾಲ್ಕಕ್ಕೆ ಲಿಂಗಸುಗೂರಿಗೆ ಬರುತ್ತೇನೆ ಎಂದರು. ಅಲ್ಲಿಯವರೆಗೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಹಾಕಬೇಡ ಎಂದರು.

ನಾಲ್ಕಕ್ಕೆ ಬರದಿದ್ದರೆ ಹಾಕುತ್ತೇನೆ ಎಂದಳು ಅವಳು.

ಮಸ್ಕಿಯ ಗುಡ್ಡದ ಬಂಡೆಗಳು ಕಾದು ಝಳ ಬೀರುತ್ತಿದ್ದವು. ಗದ್ದೆಪ್ಪ ಸಿಕ್ಕಿದ್ದು ಅಮರಗುಂಡಪ್ಪನ ಹತ್ತಿ ಗೋದಾಮಿನ ಹಿಂದೆ. ಬಂಡಿಯ ಗಾಲಿ ಕಳಚಿ ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದ. ಪೀರ್‌ಸಾಬ್ ನೆರಳಿಗೆ ಕೂತು, ಊರು ಕೇರಿ ಮಾತಾಡಿ, ಕಂಪನಿಗೆ ಥೈಲಿ ಸಾಗಿಸಿದ್ದು ಯಾವಾಗ ಎಂದು ಕೇಳಿದರು.

ತಿಂಗಳಿಗೆ ಎಂಟು ಹತ್ತು ಬಾಡಿಗೆ ಇರುತ್ತವೆ, ಯಾವುದರಲ್ಲಿ ಏನಿತ್ತು ಎಂದು ಬಿಚ್ಚಿ ನೋಡುವವನು ತಾನಲ್ಲ ಎಂದ ಗದ್ದೆಪ್ಪ. ರಸೀದಿಯ ಹೆಬ್ಬೆಟ್ಟಿನ ಮಾತಿಗೆ ನಕ್ಕ. ತಿಂಗಳ ಕೊನೆಗೆ ಸಾವ್ಕಾರರ ಗುಮಾಸ್ತ ಹತ್ತು ಹದಿನೈದು ಖಾಲಿ ಕಾಗದಕ್ಕೆ ಒಮ್ಮೆಲೆ ಒತ್ತಿಸಿಕೊಳ್ಳುತ್ತಾನಂತೆ. ಮೇಲೆ ಏನು ಬರೆಯುತ್ತಾರೋ ಅವರಿಗೇ ಗೊತ್ತು.

"ಉಗಾದಿ ಆದ ಮ್ಯಾಲಿನ ಸೋಮವಾರ ಸಿಂಧನೂರಿಗೆ ಹೋಗಿದ್ದೇನಪ?"

ಗದ್ದೆಪ್ಪ ಎಣ್ಣೆಯ ಕೈ ನಿಲ್ಲಿಸಿ ಅವರನ್ನು ಮೇಲಿನಿಂದ ಕೆಳಗಿನತನಕ ನೋಡಿದ.

"ಸಾಬ್ರ, ಇಲ್ಲೇ ಹುಟ್ಟಿ ಇಲ್ಲೇ ಬೆಳದೀರಿ. ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡ್ತಾರೇನ್ರಿ? ನಮ್ಮವ್ವ ಸತ್ತಾಗ ಸೋಮವಾರಿತ್ತು. ಸಂತೆಕಲ್ಲೂರಿಗೆ ನಡಕೋತ ಹೋಗೀನಿ ನಾ."

ಅಷ್ಟು ಹೇಳಿ ಅವನು ಮತ್ತೆ ಅಚ್ಚಿನ ಕಡೆ ಬಾಗಿದ. ತಾನು ಏನು ಹೇಳಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಅಮರಗುಂಡಪ್ಪ ಊಟ ಮುಗಿಸಿ ಅಂಗಡಿಗೆ ಬಂದು ಗಾದಿಯ ಮೇಲೆ ಕೂತಾಗ ಎರಡು ಗಂಟೆ ದಾಟಿತ್ತು. ಹಣೆಯಲ್ಲಿ ಮೂರೆಳೆ ವಿಭೂತಿ. ಎದುರಿಗೆ ಹತ್ತಿ ಮಾರಲು ಬಂದ ನಾಲ್ವರು ರೈತರು, ನಾಲ್ವರೂ ಊರಿನ ಹಿರಿಯರೇ. ಪೀರ್‌ಸಾಬ್ ಒಳಗೆ ಬಂದದ್ದನ್ನು ಅವನು ನೋಡಿದ. ಕೂತುಕೋ ಎನ್ನಲಿಲ್ಲ.

"ನಿಜಾಮಂದು ಮುಗದು ನಾಕು ವರ್ಷಾತು ಮುನ್ಷಿ. ನೀ ಇನ್ನೂ ಮಂದೀದು ಲೆಕ್ಕ ಕೇಳಕೋತ ತಿರಗತೀ."

"ನಿಮ್ಮ ಲೆಕ್ಕ ನಿಮಗ ಹೇಳಾಕ ಬಂದೀನ್ರಿ ಸಾವ್ಕಾರ್ರ."

ರೈತರಲ್ಲೊಬ್ಬ ಕೆಮ್ಮಿದ. ಅಮರಗುಂಡಪ್ಪ ಗುಮಾಸ್ತನಿಲ್ಲ, ನಾಳೆ ಬಾ ಎಂದ. ಪೀರ್‌ಸಾಬ್ ಕದಲಲಿಲ್ಲ. ಹನ್ನೊಂದು ಥೈಲಿ ಕೊಟ್ಟದ್ದು ನಿಜವೇ ಎಂದು ಕೇಳಿದರು. ನಿಜ ಎಂದ. ನೋಟು ಯಾಕೆ ಕೊಡಲಿಲ್ಲ ಎಂದು ಕೇಳಿದರು. ಹೊಸ ನೋಟನ್ನು ತಾನು ನಂಬುವುದಿಲ್ಲ, ತನ್ನ ತಂದೆ ಕೂಡಿಟ್ಟಿದ್ದ ನಿಜಾಮನ ಹಾಲಿ ಸಿಕ್ಕಾ ಬೆಳ್ಳಿ ರೂಪಾಯಿಗಳನ್ನೇ ಕೊಟ್ಟೆ ಎಂದ. ಮೂರು ಮಣ ತೂಕ ಹೇಗೆ ಹೋಯಿತು ಎಂದು ಕೇಳಿದರು.

"ತಲಿ ಮ್ಯಾಲೆ ಹೊತ್ತು ಒಯ್ದೆ ಅನಕೊಂಡಿ ಏನು? ಬಂಡ್ಯಾಗ ಹೋತು. ಗದ್ದೆಪ್ಪ ಒಯ್ದ. ರಸೀದಿ ಐತಿ."

ಪೀರ್‌ಸಾಬ್ ನಕಲನ್ನು ತೆಗೆದು ಓದಿದರು. ಹಿರಿಯರಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದರು. ತಾರೀಖನ್ನು ಎರಡು ಸಲ ಓದಿದರು.

"ಮೂವತ್ತೊಂದು ಯಾವ ವಾರ್ರಿ?"

"ತಾರೀಖು ಕಂಪನೀಯವರಿಗೆ. ನನಗ್ಯಾಕ?"

ಗೋಡೆಯ ಮೇಲೆ ಹತ್ತಿ ಗಿರಣಿಯವರು ಹಂಚಿದ ಕ್ಯಾಲೆಂಡರ್ ತೂಗುತ್ತಿತ್ತು. ಪೀರ್‌ಸಾಬ್ ಹೋಗಿ ಏಪ್ರಿಲ್ ಹಾಳೆಯನ್ನು ಮೇಲೆತ್ತಿ, ಮಾರ್ಚಿನ ಕೊನೆಯ ಚೌಕದ ಮೇಲೆ ಬೆರಳಿಟ್ಟರು.

ರೈತರು ಎದ್ದು ಬಂದು ನೋಡಿದರು. ಚೌಕ ಸೋಮವಾರದ ಸಾಲಿನಲ್ಲಿತ್ತು. ಒಬ್ಬ ತಿರುಗಿ ಅಮರಗುಂಡಪ್ಪನ ಹಣೆಯ ವಿಭೂತಿ ನೋಡಿದ.

"ಈ ರಸೀದಿ ಬರದಾಂವ ಸಿಕಂದರಾಬಾದಿನಾಂವ. ಅವನಿಗೆ ತಾರೀಖು ಗೊತ್ತು, ವಾರ ಗೊತ್ತಿಲ್ಲ," ಎಂದರು ಪೀರ್‌ಸಾಬ್. "ನಿಮಗ ವಾರ ಗೊತ್ತು, ತಾರೀಖು ನೋಡಲಿಲ್ಲ. ಈಗ ಈ ನಾಕು ಮಂದಿ ಹಿರ್ಯಾರ ಮುಂದ, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಿಸಿದೆ ಅಂತ ಒಂದು ಮಾತು ಹೇಳ್ರಿ. ನಾ ಎದ್ದು ಹೋಗ್ತೀನಿ."



ಅಮರಗುಂಡಪ್ಪ ಎಲೆಗೆ ಸುಣ್ಣ ಹಚ್ಚಿದ. ಮಡಿಚಿದ. ಬಾಯಿಗೆ ಹಾಕಲಿಲ್ಲ.

"ಕ್ವಾಣ ಹೂಡಿಸಿದ್ದೆ," ಎಂದ.

"ರಸೀದ್ಯಾಗ ಎತ್ತಿನ ಮೇವು ಎಂಟಾಣೆ ಐತಿ. ನಿಮ್ಮ ಮನ್ಯಾಗ ಕ್ವಾಣ ಯಾವತ್ತು ಕಟ್ಟೀರಿ?"

ಉತ್ತರವನ್ನು ಹಿರಿಯರಿಗೇ ಬಿಟ್ಟಂತೆ ಪೀರ್‌ಸಾಬ್ ಅವರ ಕಡೆ ನೋಡಿದರು. ಅಮರಗುಂಡಪ್ಪನ ಮನೆಯಲ್ಲಿ ಕೋಣ ಕಟ್ಟಿದ್ದನ್ನು ತಾನು ಕಂಡಿಲ್ಲ ಎಂದು ಒಬ್ಬ ನೆಲ ನೋಡಿ ಹೇಳಿದ. ಇನ್ನೊಬ್ಬ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ತನ್ನ ಹತ್ತಿಯ ಬಂಡಿಯನ್ನು ತಿರುಗಿಸುವಂತೆ ಆಳಿಗೆ ಕೂಗಿದ್ದು ಒಳಗೆ ಕೇಳಿಸಿತು.

ಅಮರಗುಂಡಪ್ಪನ ಕುತ್ತಿಗೆ ಕೆಂಪಾಯಿತು. ಉಳಿದವರಿಗೂ ಆಮೇಲೆ ಬನ್ನಿ ಎಂದ. ಅವರು ಎದ್ದು ಹೋದ ಮೇಲೆ ಪೀರ್‌ಸಾಬರ ಕಡೆ ತಿರುಗಿದ.

"ನಿನಗ ಏನು ಬೇಕು ಹೇಳು."

"ದೂರು ಸುಳ್ಳು ಅಂತ ಬರದುಕೊಡ್ರಿ. ಹಂಪಣ್ಣ ಇವತ್ತು ಮನಿಗೆ ಹೋಗಬೇಕು. ಆ ಹೆಣ್ಣುಮಗಳ ಹೊಲದ ಸುದ್ದಿಗೆ ಹೋಗಬ್ಯಾಡ್ರಿ."

"ಬರದುಕೊಡಲಿಲ್ಲ ಅಂದ್ರ?"

"ಬ್ಯಾಂಕಿಗೆ ಬರೀತೀನಿ. ನಿಮ್ಮ ಕಂಪನಿ ಹನ್ನೆರಡಾಣೆದಲ್ಲ, ಒಂದಾಣೆದು ಅಂತ. ಇಂಜಿನ್ ನಿಂತಿದ್ದು ಕಳುವಿನಿಂದಲ್ಲ, ಮೊದಲಿಂದ ಕೈ ಖಾಲಿ ಇತ್ತು ಅಂತ. ಜಗಲಿ ಮ್ಯಾಲೆ ಕುಂತ ಮಂದಿಗೂ ಹೇಳ್ತೀನಿ. ಅವರು ಒಂದಾಣೆ ಲೆಕ್ಕದಾಗ ರೊಕ್ಕ ಹಂಚಿಕೊಂಡು ಸುಮ್ಮನ ಹೋಗ್ತಾರೋ, ನಿಮ್ಮ ಗೋದಾಮಿಗೆ ಬರ್ತಾರೋ, ನೀವೇ ನೋಡ್ರಿ."

ಅಮರಗುಂಡಪ್ಪ ಗೋಡೆಯ ಗಡಿಯಾರ ನೋಡಿದ. ಆಮೇಲೆ ಎಲೆಯನ್ನು ಬಾಯಿಗೆ ಹಾಕಿಕೊಂಡ. ಅವನ ಭುಜ ಸಡಿಲಾಯಿತು. ಒಳಗಿನಿಂದ ಚಹ ತರಿಸಿದ. ಪೀರ್‌ಸಾಬರಿಗೆ ಕುರ್ಚಿ ತೋರಿಸಿದ.

ಈ ಮರ್ಯಾದೆ ಪೀರ್‌ಸಾಬರಿಗೆ ಬೈಗುಳಕ್ಕಿಂತ ಹೆಚ್ಚು ಅಂಜಿಕೆ ಹುಟ್ಟಿಸಿತು. ಅವರು ಕೂರಲಿಲ್ಲ.

"ಮೂರರ ಬಸ್ಸಿಗೆ ಹೊಂಟೀಯಲ್ಲ," ಎಂದ ಅಮರಗುಂಡಪ್ಪ. "ಬ್ಯಾಡ. ಲಿಂಗಸುಗೂರಿನಿಂದ ಬರೋ ಬಸ್ಸು ಈಗ ಬರತೈತಿ. ನಿನ್ನ ನೋಡಾಕ ಮಂದಿ ಬರಾಕತ್ತಾರ."

ಬಸ್ಸಿನ ಹಾರ್ನ್ ಕೇಳಿಸಿದ್ದು ಸ್ವಲ್ಪ ಹೊತ್ತಿನ ಮೇಲೆ. ಧೂಳು ಅಂಗಡಿಯವರೆಗೆ ಬಂತು. ಧೂಳಿನಲ್ಲಿ ಮೊದಲು ಕಂಡವನು ಅಮರಗುಂಡಪ್ಪನ ಗುಮಾಸ್ತ. ಅವನ ಹಿಂದೆ ಲಿಂಗಸುಗೂರಿನ ಪೊಲೀಸ್ ಅಮೀನ, ಹಂಪಣ್ಣನನ್ನು ಹಿಡಿದವನು. ಅವರಿಬ್ಬರ ಹಿಂದೆ ಕಸ್ತೂರೆಮ್ಮ.

ಅವಳು ನೇರವಾಗಿ ಪೀರ್‌ಸಾಬರ ಹತ್ತಿರ ಬಂದಳು. ಬೆಳಿಗ್ಗೆಯ ಸಿಟ್ಟು ಮುಖದಲ್ಲಿರಲಿಲ್ಲ. ಎಂಟು ದಿನದಲ್ಲಿ ಮೊದಲ ಸಲ ಅವಳು ಅವರಿಗೆ ಕೈ ಮುಗಿದಳು.

"ನೀವು ಕಳಿಸಿದ ಪತ್ರ ಬಂತ್ರಿ. ನೀವು ಹೇಳಿದಂಗ ಮಾಡೀನಿ. ಜಾಮೀನಿಗೆ ಅಂತ ಅಮೀನ್ರು ಇಲ್ಲಿಗೆ ಕರಕೊಂಡು ಬಂದ್ರು."

"ಯಾವ ಪತ್ರ ತಂಗಿ?"

"ಉರ್ದುದಾಗ ಬರದಿದ್ದು, ಒಬ್ಬ ಹುಡುಗ ತಂದುಕೊಟ್ಟ. ಕಚೇರಿ ಮೆಟ್ಟಲ ಮ್ಯಾಲೆ ಕುಂತ ಬರವಣಿಗಿಯಾಂವ ಓದಿ ಹೇಳಿದ." ಅವಳು ತಡೆದಳು. ಅವರ ಮುಖ ನೋಡಿ ದನಿ ಸಣ್ಣದಾಯಿತು. "ಸಾವ್ಕಾರಗ ಬರದು ಕೊಟ್ರೂ ಅವರು ಬಿಡೂದಿಲ್ಲ, ಹೊಲ ನಿಮ್ಮ ಹೆಸರಿಗೆ ಮಾಡು ಅಂದಿದ್ರಿ. ಹೊಲ ಇದ್ದವರಿಗೇ ಜಾಮೀನು ಕೊಡಾಕ ಬರತೈತಿ, ನೀವ ಜಾಮೀನಾಗಿ ಅವರನ್ನ ಬಿಡಸ್ತೀರಿ, ಆಮ್ಯಾಲೆ ಹೊಲ ತಿರುಗಿ ಬರದುಕೊಡ್ತೀರಿ ಅಂತ."

"ಪತ್ರ ಎಲ್ಲೈತಿ?"

ಬರೆಯುವವನು ಓದಿದ ಮೇಲೆ ಹಿಂದಕ್ಕೆ ಕೊಡಲಿಲ್ಲ ಎಂದಳು.

ಪೀರ್‌ಸಾಬ್ ಅಮರಗುಂಡಪ್ಪನ ಕಡೆ ನೋಡಿದರು. ಅವನು ಗಾದಿಯ ಮೇಲೆ ಒರಗಿ, ಗುಮಾಸ್ತ ಕೊಟ್ಟ ಕಾಗದವನ್ನು ಬಿಚ್ಚುತ್ತಿದ್ದ. ಖರೀದಿ ಪತ್ರದ ನಕಲು. ಅದನ್ನು ಅಮೀನನಿಗೆ ಕೊಟ್ಟು, ನೀವೇ ಓದಿರಿ, ನಾನು ಓದಿದರೆ ಮುನ್ಷಿ ನಂಬುವುದಿಲ್ಲ ಎಂದ.

ಅಮೀನ ಓದಿದ. ಜವಳಗೇರಾದ ಎಂಟು ಎಕರೆ. ಬರೆದುಕೊಟ್ಟವಳು ಹಂಪಣ್ಣನ ಹೆಂಡತಿ ಕಸ್ತೂರೆಮ್ಮ. ಕೊಂಡವರು ಲಿಂಗಸುಗೂರಿನ ಮಾಜಿ ಖಜಾನೆ ಮುನ್ಷಿ ಪೀರ್‌ಸಾಬ್. ಕ್ರಯದ ಹಣ ಹನ್ನೊಂದು ಸಾವಿರ ರೂಪಾಯಿ ಬೆಳ್ಳಿ ನಾಣ್ಯದಲ್ಲಿ ಇದಕ್ಕೂ ಮುಂಚೆಯೇ ಪೂರ್ತಿಯಾಗಿ ಮುಟ್ಟಿದೆ.

"ನನಗ ಯಾರೂ ಒಂದು ಪೈ ಕೊಟ್ಟಿಲ್ಲರೀ," ಎಂದಳು ಕಸ್ತೂರೆಮ್ಮ. "ಅದನ್ನ ನನಗ ಓದಲಿಲ್ಲ."

ಅವಳ ಮಾತಿಗೆ ಯಾರೂ ತಿರುಗಲಿಲ್ಲ.

ಇದು ತಾನು ಕಂಡ ಅತಿ ಸರಳವಾದ ಮೋಸ ಎಂದು ಪೀರ್‌ಸಾಬರಿಗೆ ಅನ್ನಿಸಿತು. ಆ ಹನ್ನೊಂದು ಸಾವಿರ ಎಂದೂ ಇರಲಿಲ್ಲ ಎಂದು ಅವರು ಎಂಟು ದಿನ ಹುಡುಕಿ ಸಾಬೀತು ಮಾಡಿದ್ದರು. ಈಗ ಅದು ಇತ್ತು. ಕಂಪನಿಯ ತಿಜೋರಿಯಿಂದ ಹೊರಟು, ಅವರ ಕೈಗೆ ಬಂದು, ಕಳ್ಳನ ಹೆಂಡತಿಯ ಕೈ ಸೇರಿ, ಹೊಲವಾಗಿತ್ತು. ಸರ್ಕಾರದ ಮುದ್ರೆಯೇ ಅದಕ್ಕೆ ಸಾಕ್ಷಿ. ಕಳುವಿನ ಹಣದ್ದೆಂದು ಆ ಹೊಲ ಜಪ್ತಿಯಾಗಿ ಕಂಪನಿಗೇ ಸೇರುತ್ತಿತ್ತು.

"ಅಮೀನ್ ಸಾಹೇಬ್ರ, ಆ ಸೋಮವಾರ ಬಂಡೀನ ಹೋಗಿಲ್ಲ. ಹೊರಗ ಹಿರ್ಯಾರು ಅದಾರ, ಕೇಳ್ರಿ."

"ಅದು ಬಾಯಿಮಾತು ಮುನ್ಷಿಯವ್ರ. ಇದು ರಿಜಿಸ್ಟ್ರಿ." ಅಮೀನ ಕಾಗದ ಮಡಿಚಿದ. ಅವನ ಇನ್ನೊಂದು ಕೈ ಸೊಂಟದ ಬೇಡಿಯ ಮೇಲಿತ್ತು. "ನಾಕು ವರ್ಷಾತು ನಿಮಗ ಪಗಾರಿಲ್ಲ. ಹನ್ನೊಂದು ಸಾವಿರ ಎಲ್ಲಿಂದ ತಂದ್ರಿ?"

ಪೀರ್‌ಸಾಬ್ ಬಾಯಿ ತೆರೆಯುವ ಮೊದಲು ಕಸ್ತೂರೆಮ್ಮ ಅವರಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಹೊಲ ಈಗ ಅವರ ಹೆಸರಿನಲ್ಲಿತ್ತು, ಆ ಪತ್ರ ಅವರದೇ ಇರಬೇಕು ಎಂದು ಅವಳಿಗೆ ಅನ್ನಿಸತೊಡಗಿತ್ತು.

"ಹೇಳ್ರಿ," ಎಂದಳು. "ನನಗ ಮುಟ್ಟದ ಆ ರೊಕ್ಕ ಎಲ್ಲಿಂದ ತಂದ್ರಿ?"